ಒತ್ತಿದ್ದು ಒಂದೇ ಸಲ

ನಮ್ಮೂರಲ್ಲಿ ಕೆಳಗೆ ಬಡಿದದ್ದು ಮೇಲಕ್ಕೆ ಹೋಗುತ್ತದೆ. ಮನೆಯ ಬಾಗಿಲು ತಟ್ಟಿದರೆ ಮೊದಲು ಆ ಬಾಗಿಲು ಸದ್ದು ಮಾಡುತ್ತದೆ, ಆಮೇಲೆ ವಠಾರದ ಗೇಟು, ಅದರ ಹಿಂದೆಯೇ ಕೇರಿಯ ಕಮಾನು, ಪೇಟೆಯ ಚೌಕಿ, ಕೊನೆಗೆ ಪುರಸಭೆಯ ನೆತ್ತಿಯ ಮೇಲಿನ ಗಂಟೆ. ಏರುತ್ತ ಏರುತ್ತ ಸದ್ದು ಸಣ್ಣದಾಗುವುದೂ ಇಲ್ಲ. ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳಿದವರಿಲ್ಲ. ಕೇಳುವುದಕ್ಕೆ ಪುರುಸೊತ್ತೆಲ್ಲಿತ್ತು, ಸದ್ದು ಅಡಗಿಸುವುದೇ ಒಂದು ದಿನದ ಕೆಲಸ. ತಟ್ಟಿದ ಕೂಡಲೇ ತಟ್ಟಿದ ಜಾಗಕ್ಕೆ ಅಂಗೈ ಒತ್ತಿ ಹಿಡಿದರೆ ಸದ್ದು ಅಲ್ಲೇ ನಿಂತುಬಿಡುತ್ತದೆ. ನಮ್ಮೂರ ಮಕ್ಕಳು ಚಪ್ಪಾಳೆ ಕಲಿಯುವ ಮೊದಲು ಅಂಗೈ ಇಡುವುದನ್ನು ಕಲಿಯುತ್ತಾರೆ. ಪೋಸ್ಟ್‌ಮ್ಯಾನ್ ಬಲಗೈಯಲ್ಲಿ ತಟ್ಟಿ ಎಡಗೈ ಇಡುತ್ತಾನೆ, ಕಾಗದವನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಾನೆ. ಹೊಸದಾಗಿ ಮದುವೆಯಾದವರ ಮಂಚದ ಕಾಲಿಗೆ ಅತ್ತೆಯೇ ಮುಂದೆ ನಿಂತು ಗೋಣಿತಾಟು ಸುತ್ತಿಸುತ್ತಾಳೆ. ಸುತ್ತಲು ಮರೆತ ಮನೆಯ ಮದುಮಗನಿಗೆ ಮಾರನೆಯ ಬೆಳಿಗ್ಗೆ ಪುರಸಭೆಯ ಜವಾನನೂ ಕೈಮುಗಿದು ನಗುತ್ತಾನೆ.

ನಗುವುದಕ್ಕೆ ಇಷ್ಟಾಯಿತು. ಇನ್ನೊಂದು ಹೇಳುತ್ತೇನೆ. ನಮ್ಮಪ್ಪ ಅವ್ವನಿಗೆ ಹೊಡೆಯುತ್ತಿದ್ದ. ಹೊಡೆದ ಕೂಡಲೇ ಅವಳ ಬೆನ್ನು ತಾಗಿದ ಗೋಡೆಗೆ ಅಂಗೈ ಇಡುತ್ತಿದ್ದ. ಎಷ್ಟು ವರ್ಷ ಇಟ್ಟನೆಂದರೆ ಗೋಡೆಯ ಮೇಲೆ ಅವನ ಕೈಯ ಎಣ್ಣೆಗುರುತು ನಿಂತುಹೋಯಿತು. ಅವನು ಸತ್ತು ಎಂಟು ವರ್ಷವಾಯಿತು. ಅವ್ವ ಪ್ರತಿ ಯುಗಾದಿಗೆ ಸುಣ್ಣ ಬಳಿಯುತ್ತಾಳೆ, ಸುಣ್ಣ ಒಣಗಿದ ಮೇಲೆ ಐದು ಬೆರಳೂ ಎದ್ದು ಬರುತ್ತವೆ. ಆ ಹೊಡೆತಗಳಲ್ಲಿ ಒಂದಾದರೂ ಕೇರಿಯ ಕಮಾನಿನ ತನಕ ಹೋಗಲಿಲ್ಲ. ಊರು ಇವತ್ತಿಗೂ ನಮ್ಮಪ್ಪನನ್ನು ತಣ್ಣನೆಯ ಮನುಷ್ಯ ಎನ್ನುತ್ತದೆ. ಅಂಗೈ ಇಡುವುದು ಮರ್ಯಾದಸ್ಥರ ಲಕ್ಷಣ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಅದು ಯಾರ ಕೈ ಎಂದು ನೋಡುತ್ತೇನೆ.

ನಾನು ದ್ಯಾವಮ್ಮ, ಮೇದರ ವಠಾರದವಳು. ನಮ್ಮ ಹನ್ನೊಂದು ಮನೆಯವರು ಬಿದಿರು ಸೀಳಿ ಮೊರ, ಬುಟ್ಟಿ, ತಟ್ಟಿ ಹೆಣೆಯುತ್ತಾರೆ. ನಾನೊಬ್ಬಳು ಪುರಸಭೆಯ ಕಂಪ್ಯೂಟರ್ ಕೋಣೆಯಲ್ಲಿ ಗುತ್ತಿಗೆ ಮೇಲೆ ಕೋಡ್ ಬರೆಯುತ್ತಿದ್ದೆ. ಅದನ್ನು ಕಲಿತದ್ದು ಕಾಲೇಜಿನಲ್ಲಲ್ಲ, ಟೈಲರ್ ಇಮಾಮಣ್ಣನ ಅಂಗಡಿಯಲ್ಲಿ. ಭಾನುವಾರ ಬೆಳಿಗ್ಗೆ ಅವನ ಹೊಲಿಗೆ ಮಿಷನ್ನಿಗೆ ರಜೆ. ಬಟ್ಟೆ ಕತ್ತರಿಸುವ ಹಲಗೆಯ ಸುತ್ತ ನಾವು ಹದಿನೈದು ಇಪ್ಪತ್ತು ಜನ ಕೂರುತ್ತಿದ್ದೆವು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಅಡ್ಡಬಾಯಿ ಹಾಕುವುದು. ನಮ್ಮ ಓದು ಬಳಗಕ್ಕಿದ್ದ ನಿಯಮ ಒಂದೇ: ತೀರಾ ನಿಧಾನದವರು ‘ಹೂಂ, ತಿಳೀತು’ ಅನ್ನುವ ತನಕ ಪುಟ ತಿರುಗಿಸುವ ಹಾಗಿಲ್ಲ. ಕಾಯಿದೆ ಪುಸ್ತಕವನ್ನು ಹಾಗೆ ಓದಿದೆವು, ಹೋರಾಟದ ಕರಪತ್ರಗಳನ್ನು ಹಾಗೆ ಓದಿದೆವು, ಯಾರೋ ದಾನ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಬಂದ ಮೇಲೆ ಜಾವಾಸ್ಕ್ರಿಪ್ಟನ್ನೂ ಹಾಗೆಯೇ ಓದಿದೆವು. ಅದರಲ್ಲಿ ಒಂದು ಪಾಠ ಬಂತು. ಪರದೆಯ ಮೇಲೆ ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಇನ್ನೊಂದು ಡಬ್ಬಿ ಇರುತ್ತದಂತೆ. ಒಳಗಿನ ಡಬ್ಬಿಯಲ್ಲಿ ಒಂದು ಕೀ ಒತ್ತಿದರೆ ಆ ಸುದ್ದಿ ಒಂದೊಂದೇ ಹೊರಡಬ್ಬಿಗೆ ಏರುತ್ತ ಹೋಗುತ್ತದಂತೆ. ದಾರಿಯಲ್ಲಿ ಯಾವ ಡಬ್ಬಿ ಬೇಕಾದರೂ ಕಿವಿ ಇಟ್ಟು ಕೇಳಿಸಿಕೊಳ್ಳಬಹುದಂತೆ. ಬಳಗದಲ್ಲಿ ಒಬ್ಬರಿಗೂ ಆಶ್ಚರ್ಯವಾಗಲಿಲ್ಲ. “ಇದನ್ನ ಬರ್ದೋನು ನಮ್ಮೂರೋನೇ ಇರ್ಬೇಕು ಬಿಡು” ಅಂದ ಇಮಾಮಣ್ಣ.

ಪುರಸಭೆಯವರು ವಠಾರಕ್ಕೊಂದು ನೀರಿನ ಮಣೆ ಹಾಕಿಸಿದ್ದು ಹೋದ ವರ್ಷ. ಮಣೆ ಎಂದರೆ ನಲ್ಲಿಯ ಪಕ್ಕದ ಗೋಡೆಗೆ ಜಡಿದ ಒಂದು ಕೀಬೋರ್ಡು, ಮೇಲೊಂದು ಅಂಗೈಯಗಲದ ಪರದೆ. ಮನೆಗೊಂದು ನೀಲಿ ಕೀ, ಒತ್ತಿದರೆ ದಿನಕ್ಕೆ ನಾಲ್ಕು ಕೊಡ ನೀರು. ಇಡೀ ವಠಾರಕ್ಕೆ ಸೇರಿ ಒಂದು ಕೆಂಪು ಕೀ, ಅದು ದೂರು ಹೇಳುವುದಕ್ಕೆ. ಯಾವ ಕೀ ಒತ್ತಿದರೂ ಅದು ವಠಾರದಿಂದ ಕೇರಿಗೆ, ಕೇರಿಯಿಂದ ಪೇಟೆಗೆ, ಪೇಟೆಯಿಂದ ಪುರಸಭೆಗೆ ಏರುತ್ತದೆ. ಹಾಗೆ ಏರಬೇಕೆಂದೇ ಮಣೆಯ ಕೆಳಗೆ ಬೋರ್ಡು ಬರೆಸಿದ್ದರು: ‘ಇಲ್ಲಿ ಅಂಗೈ ಇಡಬಾರದು.’ ಏರಿ ಬಂದದ್ದನ್ನು ಎಣಿಸುವ ಕೋಡಿನ ವಿಷಯದಲ್ಲಿ ಮಾತ್ರ ನಮ್ಮೂರಿನವರೇ ಮಾಡಬಹುದಾದ ಒಂದು ಕೆಲಸ ಮಾಡಿದರು. ಕೇರಿಯ ಗುಮಾಸ್ತರು ತಮ್ಮದೊಂದು ಕಿವಿ ಇರಲಿ ಎಂದರು. ಪೇಟೆ ಅಧಿಕಾರಿಗೆ ಗುಮಾಸ್ತನ ಕಿವಿಯ ಮೇಲೆ ನಂಬಿಕೆಯಿಲ್ಲ, ಅವರೂ ಒಂದು ಇಡಿಸಿದರು. ಪುರಸಭೆಯ ಯಂತ್ರ ವಿಭಾಗದ ಮುಖ್ಯಸ್ಥರಾದ ನಂಜರಾಜಯ್ಯನವರು ಇಬ್ಬರಿಗಿಂತ ಮೇಲಿನವರು, ಅವರಿಗೂ ಒಂದು ಬೇಕು. ಮೂರು ಕಿವಿಗಳೂ ಕೇಳಿಸಿಕೊಂಡದ್ದನ್ನು ಒಂದೇ ಹಾಳೆಗೆ ಬರೆಯುತ್ತಿದ್ದವು, ಕೇಳಿದ್ದಕ್ಕೆ ಗುರುತಾಗಿ ಪುರಸಭೆಯ ಗಂಟೆಗೆ ಒಂದೊಂದು ಪೆಟ್ಟು ಹೊಡೆಯುತ್ತಿದ್ದವು. ಕೇರಿಯಲ್ಲಿ ಒಬ್ಬಳು ಒಂದು ಸಲ ಒತ್ತಿದರೆ ಢಣ್, ಢಣ್, ಢಣ್. ಕೋಟೆ ಬೀದಿಯ ದೊಡ್ಡ ಮನೆಗಳು ಯಾವ ಕೇರಿಗೂ ಪೇಟೆಗೂ ಸೇರಿದವಲ್ಲ, ನೇರ ಪುರಸಭೆಯ ಕೆಳಗೇ ಇರುವಂಥವು. ಅವರು ಒತ್ತಿದರೆ ಒಂದೇ ಢಣ್. ಆಳದಲ್ಲಿರುವವರ ಒಂದು ಮೂರಾಗುತ್ತಿತ್ತು, ಎತ್ತರದಲ್ಲಿರುವವರ ಒಂದು ಒಂದಾಗಿಯೇ ಉಳಿಯುತ್ತಿತ್ತು. ಇದರಿಂದ ಊರು ಕಲಿತ ಪಾಠವೇನು ಗೊತ್ತೇ? ಕೇರಿಯವರಿಗೆ ಮೂರು ಮೂರು ಸಲ ಒತ್ತುವ ಚಾಳಿ ಇದೆ ಎಂದು. ಪುರಸಭೆ ದೊಡ್ಡ ಮನಸ್ಸು ಮಾಡಿ, ‘ಅಭ್ಯಾಸಬಲ ಎಂದು ದಿನಕ್ಕೆ ಮೂರರವರೆಗೆ ಕ್ಷಮಿಸಲಾಗುವುದು’ ಎಂದು ಸುತ್ತೋಲೆ ಹೊರಡಿಸಿತು. ಮೂರು ದಾಟಿದರೆ ದುರಾಸೆ ಪಟ್ಟಿ. ಪಟ್ಟಿಗೆ ಒಬ್ಬರು ಬಿದ್ದರೆ ವಠಾರದ ನಲ್ಲಿಯೇ ಬಂದ್, ಆಮೇಲೆ ಮುಖ್ಯಸ್ಥರು ಖುದ್ದಾಗಿ ಬಂದು ನೋಡಿ ಮಣೆ ಕಿತ್ತುಕೊಂಡು ಹೋಗುವುದು.

ಅದನ್ನೆಲ್ಲ ಕೂತು ಬರೆದವಳು ನಾನೇ. ಸುತ್ತೋಲೆಯನ್ನಲ್ಲ, ಕೋಡನ್ನು. ಮೂರು ಕಿವಿ ಬೇಡ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಕೆಲಸ ಹೊಸದು, ಕುರ್ಚಿ ಹೊಸದು, ಅಂಗೈ ಇಟ್ಟುಕೊಂಡು ಸುಮ್ಮನಿದ್ದೆ.

ಗುರುವಾರ ನಮ್ಮ ಕಮಾನಿಗೆ ಪಟ್ಟಿ ಅಂಟಿಸಿದರು. ಅದರಲ್ಲಿದ್ದ ಹೆಸರು ಒಂದೇ, ನಮ್ಮ ಪಕ್ಕದ ಮನೆಯ ತಿಬ್ಬಜ್ಜಿಯದು. ಎದುರಿಗೆ ಇಪ್ಪತ್ತೇಳು ಎಂದು ಬರೆದಿತ್ತು. ಸೋಮವಾರ ಹನ್ನೊಂದಕ್ಕೆ ಸ್ಥಳ ತನಿಖೆ, ಅದೇ ದಿನ ಮಣೆ ತೆರವು. ನಾನು ಕೆಲಸದಿಂದ ಬರುವಷ್ಟರಲ್ಲಿ ನಲ್ಲಿ ಒಣಗಿತ್ತು. ಬಿದಿರು ನೆನೆಹಾಕುವ ತೊಟ್ಟಿಯಲ್ಲಿ ಒಂದು ಗೇಣು ನೀರು ಉಳಿದಿತ್ತು. ನೆನೆಯದ ಬಿದಿರನ್ನು ಸೀಳಿದರೆ ಅದು ಅಡ್ಡಡ್ಡ ಒಡೆಯುತ್ತದೆ, ಕೈಗೆ ಸಿಬಿರು ನಾಟುತ್ತದೆ, ಮೊರ ಆಗುವುದಿಲ್ಲ. ಚಿಕ್ಕತಾಯಿ ಹೊಸ್ತಿಲ ಮೇಲೆ ಖಾಲಿ ಕೊಡ ಇಟ್ಟುಕೊಂಡು ಇಡೀ ವಠಾರಕ್ಕೆ ಕೇಳುವ ಹಾಗೆ ಮಾತಾಡುತ್ತಿದ್ದಳು. ಅವಳ ಬಾಯಿಗೆ ಅಂಗೈ ಇಡುವ ಗಂಡಸು ಇನ್ನೂ ಹುಟ್ಟಿಲ್ಲ.

“ಇಪ್ಪತ್ತೇಳು ಕಿತ ಒತ್ತವಳೆ ಮಾರಾಯ್ತಿ. ಒಬ್ಬಂಟಿ ಮುದುಕಿ, ನೀರ್ನ ಏನ್ ತಲೆ ಮ್ಯಾಲೆ ಸುರ್ಕೊಂಡು ಕಲ್ಯಾಣಿ ಕಟ್ಟುಸ್ತಿದ್ಳ?”

ತಿಬ್ಬಜ್ಜಿ ತನ್ನ ಜಗುಲಿಯಲ್ಲಿ ಅರ್ಧ ಹೆಣೆದ ಮೊರವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. “ಒಂದೇ ಕಿತ ಕಣೆ ಚಿಕ್ತಾಯಿ. ನನ್ ಮೊರದಾಣೆ.”

“ಮೊರ ಸಾಕ್ಷಿ ಹೇಳ್ತದಾ? ಗಂಟೆ ಹೇಳ್ತದೆ. ನಾನೇ ಎಣಿಸಿವ್ನಿ, ಬಿಡ್ದಂಗೆ ಹೊಡೀತು. ಯಾರ್ದೋ ಮಠದಲ್ಲಿ ಮಂಗ್ಳಾರತಿ ಅನ್ಕಂಡೆ.”

ಅಜ್ಜಿ ನನ್ನ ಕಡೆ ತಿರುಗಿದಳು. “ನೀನಾರ ಏಳೆ ದ್ಯಾವಿ. ನೀನು ಆ ಮಿಷನ್ ಮನೇಲೆ ಇರೋಳಲ್ವಾ. ನಾನು ಸುಳ್ಳಿ ಅನ್ನುಸ್ಕೊಂಡು ಸಾಯ್ಬೇಕಾ? ನೀರು ಓದ್ರೆ ಓಗ್ಲಿ, ಅನ್ನೊಂದು ಮನೆ ನೀರು ನನ್ ಎಸ್ರಲ್ಲಿ ಓಯ್ತಲ್ಲ.”

ಅಜ್ಜಿ, ನಾಳೆ ಬೆಳಿಗ್ಗೆ ನನ್ನ ಮುಂದೆ ಒಂದು ಸಲ ಒತ್ತು, ನೋಡುತ್ತೇನೆ ಎಂದೆ. ನಲ್ಲಿ ಬಂದ್ ಆಗಿದ್ದರೂ ಮಣೆ ಎಣಿಸುವುದನ್ನು ನಿಲ್ಲಿಸಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಸೀರೆಗೆ ಕೈ ಒರೆಸಿಕೊಂಡು, ದೇವರಿಗೆ ಹೂ ಇಡುವವಳ ಹಾಗೆ ತೋರುಬೆರಳನ್ನು ತನ್ನ ನೀಲಿ ಕೀಯ ಮೇಲಿಟ್ಟು ಒತ್ತಿದಳು. ಅರವತ್ತು ವರ್ಷ ಬಿದಿರಿನ ಸೀಳು ಬಗ್ಗಿಸಿದ ಬೆರಳು ಅದು. ಗಿಣ್ಣು ಬಿದಿರ ಗಿಣ್ಣಿನ ಹಾಗೇ ಊದಿತ್ತು. ಒತ್ತುವುದೇನೋ ಒತ್ತಿತು, ಏಳಲಿಲ್ಲ. ಅವಳು ಎಡಗೈಯನ್ನು ತಂದು ಬಲಗೈಯ ಬೆರಳನ್ನು ಹಿಡಿದು, ಮುಳ್ಳು ಕೀಳುವವಳ ಹಾಗೆ ಮೆಲ್ಲಗೆ ಮೇಲೆತ್ತಿದಳು. ಅಷ್ಟರಲ್ಲಿ ಪರದೆಯ ಮೇಲೆ ಮೂರು, ಆರು, ಒಂಬತ್ತು ಎಂದು ಏರುತ್ತ ಹೋದ ಲೆಕ್ಕ ಇಪ್ಪತ್ತೇಳಕ್ಕೆ ಬಂದು ನಿಂತಿತ್ತು. ಊರ ಮೇಲೆ ಗಂಟೆ ಹೊಡೆಯುತ್ತಲೇ ಇತ್ತು. “ಒಂದೇ ಕಿತ” ಅಂದಳು ಅಜ್ಜಿ.

ನನ್ನ ಮುಖಕ್ಕೆ ಯಾರೋ ನನ್ನದೇ ಕೈಯಲ್ಲಿ ಹೊಡೆದ ಹಾಗಾಯಿತು. ಕೀ ಕೆಳಗೆ ಹೋದ ಕೂಡಲೇ ಒಂದು ಎಂದು ಬರೆದುಕೋ ಎಂಬ ಸಾಲು ನನ್ನದು. ಬೆರಳು ಕೀಯ ಮೇಲೇ ಕೂತರೆ ಕಂಪ್ಯೂಟರ್ ‘ಕೆಳಗೆ ಹೋಯಿತು, ಕೆಳಗೆ ಹೋಯಿತು’ ಎಂದು ಕೂಗುತ್ತಲೇ ಇರುತ್ತದೆ. ಆದರೆ ಎರಡನೆಯದರಿಂದ ಹಿಡಿದು ಪ್ರತಿ ಕೂಗಿನ ಹಣೆಯ ಮೇಲೂ ‘ಇದು ಹಳೆಯದೇ, ಮತ್ತೆ ಹೇಳುತ್ತಿದ್ದೇನೆ’ ಎಂಬ ಗುರುತು ಇರುತ್ತದೆ. ಅದನ್ನು ಓದುವುದಕ್ಕೆ ಒಂದು ಸಾಲು ಸಾಕು. ನಾನು ಬರೆದಿರಲಿಲ್ಲ. ನನ್ನ ಬೆರಳು ಎಳೆಯದು, ಮುಟ್ಟಿದರೆ ಹಾರುವಂಥದು. ಎತ್ತಲಾಗದ ಬೆರಳೊಂದು ಈ ಊರಲ್ಲಿದೆ, ಅದೂ ನನ್ನ ಗೋಡೆಯಾಚೆಗೇ ಇದೆ, ಚಿಕ್ಕಂದಿನಲ್ಲಿ ನನಗೆ ಕೈತುತ್ತು ಹಾಕಿದ್ದೂ ಅದೇ ಎಂಬುದು ಬರೆಯುವಾಗ ನನಗೆ ಹೊಳೆಯಲಿಲ್ಲ. ಒಂಬತ್ತು ಸಲದ ಲೆಕ್ಕ ನನ್ನ ತಪ್ಪು. ಅದನ್ನು ಮೂರರಿಂದ ಗುಣಿಸಿದ್ದು ಊರಿನ ತಪ್ಪು.

ಶನಿವಾರ ನಂಜರಾಜಯ್ಯನವರ ಮುಂದೆ ನಿಂತು ಇದನ್ನೆಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಕೆಳಗಿನವರ ಮಾತನ್ನು ಪೂರ್ತಿ ಕೇಳುತ್ತಾರೆ, ಕೇಳುವಾಗ ತಲೆಯಾಡಿಸುತ್ತಾರೆ, ಆಮೇಲೆ ತಾವು ಮೊದಲೇ ಅಂದುಕೊಂಡದ್ದನ್ನು ಹೇಳುತ್ತಾರೆ.

“ಇದಕ್ಕೆ ಯಾಕಮ್ಮ ಇಷ್ಟು ತಲೆಬಿಸಿ. ಕೇರಿಯಲ್ಲೇ ಅಂಗೈ ಇಟ್ಟುಬಿಡು, ಕೋಡಿನಲ್ಲಿ. ಮೇಲಕ್ಕೆ ಹೋಗೋದನ್ನ ನಿಲ್ಲಿಸೋಕೆ ಅದೇನೋ ಒಂದು ಸಾಲು ಇದೆಯಂತಲ್ಲ.”

“ಇದೆ ಸಾರ್. ಹಾಕಿದರೆ ಕೆಂಪು ಕೀ ಒತ್ತಿದ್ದೂ ಮೇಲೆ ಬರೋದಿಲ್ಲ.”

“ಬರದಿದ್ರೆ ಒಳ್ಳೇದೇ ಅಲ್ವಾ. ಅದೂ ಮೂರು ಮೂರು ಹೊಡೀತಿದೆ. ಕೋಟೆ ಬೀದಿಯವರು ಮಧ್ಯಾಹ್ನ ಮಲಗೋಕಾಗಲ್ಲ ಅಂತ ಬರ್ಕೊಟ್ಟಿದ್ದಾರೆ.”

“ನೀಲಿಗೆ ಮಾತ್ರ ಹಾಕಬಹುದು ಸಾರ್, ಕೆಂಪನ್ನು ಬಿಟ್ಟು.”

“ಅದಕ್ಕೊಂದು ಇದಕ್ಕೊಂದು ಅಂತ ಮಾಡ್ತಾ ಕೂತ್ರೆ ಆಡಳಿತ ನಡೆಯುತ್ತಾ? ಎಲ್ಲದಕ್ಕೂ ಒಂದೇ ಸಾಲು.”

“ಅಂಗೈ ಇಟ್ಟರೂ ತಿಬ್ಬಜ್ಜಿಯ ಒಂದು ಒಂಬತ್ತಾಗಿಯೇ ಇರುತ್ತೆ ಸಾರ್. ಬೆರಳು ಏಳದೆ ಇರೋದು ಕೆಳಗೇ.”

“ಆಗ ಅದು ಅಜ್ಜಿಯ ತೊಂದ್ರೆ, ಪುರಸಭೆದಲ್ಲ. ಪಟ್ಟಿಲಿರೋ ಹೆಸರು ಪಟ್ಟಿಲಿರುತ್ತೆ. ಸೋಮವಾರದೊಳಗೆ ಆ ಸಾಲು ಹಾಕಿರು ದ್ಯಾವಮ್ಮ. ನಿನ್ನ ಗುತ್ತಿಗೆ ಈ ತಿಂಗಳು ಮುಗಿಯುತ್ತೆ ಅನ್ನೋದು ನನಗೆ ನೆನಪಿದೆ.” ಇಷ್ಟು ಹೇಳಿ ಅವರು ಮೇಜಿನ ಮೇಲೆ ಬೆರಳಿಂದ ಒಂದು ತಟ್ಟಿ, ಅದರ ಮೇಲೆ ಅಂಗೈ ಇಟ್ಟರು. ಮಾತು ಮುಗಿಯಿತು ಎಂದರ್ಥ.

ಭಾನುವಾರ ಇಮಾಮಣ್ಣನ ಹಲಗೆಯ ಮೇಲೆ ನನ್ನ ಕೋಡನ್ನು ಇಟ್ಟು, ಗಟ್ಟಿಯಾಗಿ ಓದಿದೆ. ತಿಬ್ಬಜ್ಜಿಯನ್ನೂ ಚಿಕ್ಕತಾಯಿಯನ್ನೂ ಕರೆದುಕೊಂಡು ಹೋಗಿದ್ದೆ. ಅವತ್ತಿನ ಮಟ್ಟಿಗೆ ತೀರಾ ನಿಧಾನದವಳು ತಿಬ್ಬಜ್ಜಿ, ಅವಳು ಹೂಂ ಅನ್ನುವ ತನಕ ಮುಂದಿನ ಸಾಲಿಗೆ ಹೋಗುವ ಹಾಗಿರಲಿಲ್ಲ. ಮೂರು ಕಿವಿಗಳ ಹತ್ತಿರ ಬಂದಾಗ ಅವಳು ತಡೆದಳು.

“ತಡಿಯವ್ವ. ನಾನು ಒಂದು ಏಳ್ದೆ. ಮೂರು ಜನ ಕೇಳುಸ್ಕೊಂಡ್ರು. ಮೂರು ಜನ ಕೇಳುಸ್ಕೊಂಡ್ರೆ ನಾನು ಮೂರು ಏಳ್ದಂಗೆ ಎಂಗಾಯ್ತದೆ?”

ನಾನು ವರ್ಷವಿಡೀ ಆ ಕೋಡಿನ ಜೊತೆ ಕೂತಿದ್ದವಳು, ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಇಮಾಮಣ್ಣ ಕಿವಿಯ ಮೇಲಿದ್ದ ಸೀಮೆಸುಣ್ಣ ತೆಗೆದು ಹಲಗೆಯ ಮೇಲೆ ಒಂದು ಗೀಟು ಎಳೆದ. “ಈಗ ಪುರಸಭೆಯೋರು ಏನಂತಾರೆ, ಕಿವಿ ಜಾಸ್ತಿ ಆಗಿದಾವೆ, ಅದಕ್ಕೆ ಬಾಯಿ ಹೊಲಿ ಅಂತಾರೆ. ನಲವತ್ತು ವರ್ಷದಿಂದ ಹೊಲೀತಾ ಇದೀನಿ ತಾಯಿ. ಅಳತೆ ತಪ್ಪಿದ್ರೆ ಟೇಪು ಬದಲಾಯಿಸ್ತೀವಿ, ಗಿರಾಕಿ ತೋಳು ಕತ್ತರಿಸಲ್ಲ.”

“ಅಂಗಾರೆ ಎಲ್ಡು ಕಿವಿ ಕೂಯ್ದಾಕು” ಅಂದಳು ಚಿಕ್ಕತಾಯಿ. “ಗುಮಾಸ್ತುಂದು ಮೊದ್ಲು.”

ಹಾಗೆಯೇ ಬರೆದೆವು. ಬಾಯನ್ನು ತಡೆಯುವ ಸಾಲು ಎಲ್ಲೂ ಬೇಡ. ಒತ್ತಿದ್ದು ತನ್ನ ಪಾಡಿಗೆ ಮೇಲಿನ ತನಕ ಏರಲಿ. ದಾರಿಯ ಕಿವಿಗಳನ್ನೆಲ್ಲ ಕಿತ್ತು, ತೀರಾ ಮೇಲೆ ಒಂದೇ ಒಂದು ಕಿವಿ ಇಡುವುದು. ಅದು ಬಂದದ್ದನ್ನು ‘ನೀನು ಯಾವ ವಠಾರದ, ಯಾವ ಮನೆಯವಳು’ ಎಂದು ಕೇಳಿ ಒಂದು ಎಂದು ಬರೆದುಕೊಳ್ಳಲಿ. ಹಣೆಯ ಮೇಲೆ ‘ಹಳೆಯದೇ’ ಎಂಬ ಗುರುತಿದ್ದರೆ ಬರೆಯದೆ ಬಿಡಲಿ, ಬೆರಳು ಎಷ್ಟು ಹೊತ್ತಾದರೂ ಕೂತಿರಲಿ. ಎಲ್ಲ ಸೇರಿ ಏಳು ಸಾಲಾಯಿತು, ಮಣೆಗೆ ಮಾತ್ರ ಇನ್ನೂ ಹಾಕಲಿಲ್ಲ. ತಿಬ್ಬಜ್ಜಿ ಏಳು ಸಲ ಹೂಂ ಅಂದಳು.

ಸೋಮವಾರ ಹನ್ನೊಂದಕ್ಕೆ ನಂಜರಾಜಯ್ಯನವರು ಬಂದರು. ಹಿಂದೆ ಪೇಟೆ ಅಧಿಕಾರಿ, ಅವರ ಹಿಂದೆ ಕೇರಿ ಗುಮಾಸ್ತ, ಅವನ ಹಿಂದೆ ಮಣೆ ಕೀಳಲು ಹಾರೆ ಹಿಡಿದ ಇಬ್ಬರು. ವಠಾರದ ಹನ್ನೊಂದು ಮನೆಯವರೂ ಅಂಗಳದಲ್ಲಿ ನಿಂತಿದ್ದೆವು. ಓದು ಬಳಗದವರು ಗೇಟಿನ ಹತ್ತಿರ, ಇಮಾಮಣ್ಣ ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಿದ್ದ. ಅವ್ವ ನಮ್ಮ ಮನೆಯ ಬಾಗಿಲಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತಿದ್ದಳು, ಯಾವತ್ತೂ ಹಾಗೆಯೇ ನಿಲ್ಲುವುದು ಅವಳು.

“ಆ ಸಾಲು ಹಾಕಿದೀಯಾ?” ಎಂದು ನಂಜರಾಜಯ್ಯನವರು ನನ್ನನ್ನು ಕೇಳಿದರು.

“ಇಲ್ಲ ಸಾರ್. ಹಾಕೋದಿಲ್ಲ. ಮಣೆ ಕೀಳೋ ಮುಂಚೆ ಸ್ಥಳ ತನಿಖೆ ಆಗಬೇಕು ಅಂತ ನಿಮ್ಮ ಸುತ್ತೋಲೆಯಲ್ಲೇ ಇದೆ. ತನಿಖೆ ಮಾಡಿ. ನಮ್ಮಜ್ಜಿ ಒತ್ತೋದು ಬೇಡ, ಅವಳು ಸುಳ್ಳಿ ಅಂತ ಆಗಿದೆಯಲ್ಲ. ನೀವೇ ಒತ್ತಿ ನೋಡಿ. ಒಂದೇ ಸಲ.”

ಅವರು ನಕ್ಕರು. “ನನ್ನ ಬೆರಳಿಗೇನೂ ಚಾಳಿಯಿಲ್ಲಮ್ಮ” ಎಂದು, ಮುಂದೆ ಬಂದು, ತಿಬ್ಬಜ್ಜಿಯ ನೀಲಿ ಕೀಯನ್ನು ಬಲಗೈಯ ತೋರುಬೆರಳಲ್ಲಿ ಒತ್ತಿ ಚಕ್ಕನೆ ತೆಗೆದರು. ತೆಗೆಯುತ್ತಿದ್ದಂತೆ, ಹುಟ್ಟಿದಾಗಿನಿಂದ ರೂಢಿಯಾದ ಪ್ರಕಾರ, ಅವರ ಎಡಗೈ ತಾನಾಗಿ ಮಣೆಯ ಕಡೆ ಹೋಯಿತು. ಅಂಗೈ ಇಡುವುದಕ್ಕೆ.

ಮಧ್ಯದಲ್ಲೇ ತಿಬ್ಬಜ್ಜಿ ಆ ಮಣಿಕಟ್ಟನ್ನು ಹಿಡಿದುಬಿಟ್ಟಳು. ಬಾಗಿದ ಬೆರಳುಗಳು, ಒಮ್ಮೆ ಹಿಡಿದರೆ ಬಿಡಲು ಬಾರದಂಥವು. ಮೇದರ ಮುದುಕಿಯೊಬ್ಬಳು ಮುಖ್ಯಸ್ಥರ ಕೈ ಹಿಡಿದದ್ದನ್ನು ನಮ್ಮೂರು ಅಲ್ಲಿಯವರೆಗೆ ನೋಡಿರಲಿಲ್ಲ. ಯಾವತ್ತೂ ‘ಬುದ್ಧಿ’ ಎಂದು ಶುರುಮಾಡುವವಳು ಅವತ್ತು ಹಾಗೆ ಶುರುಮಾಡಲಿಲ್ಲ.

“ಕೈ ಇಡಂಗಿಲ್ಲ ಕಣಪ್ಪ. ನೀವೇ ಬೋಲ್ಡು ಬರ್ಸಿದ್ದೀರಿ. ಓಗ್ಲಿ ಬಿಡು ಮ್ಯಾಲಕ್ಕೆ.”

ಹೋಯಿತು. ಕೇರಿಯ ಕಮಾನು ದಾಟಿತು, ಪೇಟೆಯ ಚೌಕಿ ದಾಟಿತು. ಪುರಸಭೆಯ ಮೇಲೆ ಗಂಟೆ ಹೊಡೆಯಿತು: ಢಣ್, ಢಣ್, ಢಣ್. ಪರದೆಯ ಮೇಲೆ ಮೂರು ಎಂದು ಬಂತು. ಚಿಕ್ಕತಾಯಿ ಬೆರಳು ಮಡಿಚಿ ಎಣಿಸಿ, “ಅಯ್ಯೋ ಪಾಪ, ಸಾಹೇಬ್ರಿಗೂ ಚಾಳಿ ಅಂಟ್ಕತು” ಅಂದಳು. ನಗು ಹಿಂದಿನಿಂದ ಶುರುವಾಗಿ ಮುಂದಕ್ಕೆ ಬಂತು. ಹಾರೆಯವನೊಬ್ಬ ಮುಖ ತಿರುಗಿಸಿಕೊಂಡ.

ನಂಜರಾಜಯ್ಯನವರ ಕಿವಿ ಕೆಂಪಾಗಿತ್ತು. “ಮಣೆ ಕೆಟ್ಟಿದೆ” ಎಂದರು. “ಹೆಸರು ಪಟ್ಟಿಯಿಂದ ತೆಗೆಸ್ತೀನಿ. ಆದ್ರೆ ಆ ಸಾಲನ್ನ ನೀನೀಗ ಇಲ್ಲೇ ಹಾಕ್ತೀಯ.”

ನಾನು ಒಂದು ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ತೆರೆದೆ. “ಹಾಕ್ತೀನಿ ಸಾರ್. ಏನು ಹಾಕ್ತಿದ್ದೀನಿ ಅಂತ ಗಟ್ಟಿಯಾಗಿ ಓದ್ತಾ ಹಾಕ್ತೀನಿ.” ಓದಿದೆ. ‘ಕೇರಿಯ ಕಿವಿ, ತೆಗೆ.’ ಬಳಗದವರು ಹೂಂ ಎಂದರು. ‘ಪೇಟೆಯ ಕಿವಿ, ತೆಗೆ.’ ಹೂಂ.

ಪೇಟೆ ಅಧಿಕಾರಿ ಗಾಬರಿಯಿಂದ ಮುಂದೆ ಬಂದರು. “ಅಲ್ರೀ, ನನ್ನ ಕಿವ್ಯೇ ತೆಗೆದ್ಬಿಟ್ರೆ ನಾನು ಅಲ್ಲಿ ಕೂರೋದು ಯಾತಕ್ಕೆ?”

“ಅದನ್ನ ನಾವೂ ಬಾಳ ದಿವ್ಸದಿಂದ ಕೇಳ್ತಾ ಇದೀವಿ” ಅಂದಳು ಚಿಕ್ಕತಾಯಿ.

“ಕೈ ತೆಗಿ ಅದರ ಮೇಲಿಂದ” ಎಂದರು ನಂಜರಾಜಯ್ಯನವರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ನಾಳೆಯಿಂದ ನೀನು ಕೆಲಸಕ್ಕೆ ಬರಬೇಕಾಗಿಲ್ಲ.”

“ನಾಳೆಯಿಂದ ತಾನೇ ಸಾರ್. ಇವತ್ತು ಇನ್ನೂ ಕೆಲಸದ ಮೇಲಿದ್ದೀನಿ” ಎಂದು ಉಳಿದ ಐದು ಸಾಲನ್ನೂ ಓದಿದೆ. ಲ್ಯಾಪ್‌ಟಾಪ್ ಮುಟ್ಟಲು ಅವರು ಬರಬಹುದಿತ್ತು. ಆದರೆ ತಿಬ್ಬಜ್ಜಿ ಅವರ ಮಣಿಕಟ್ಟನ್ನು ಇನ್ನೂ ಬಿಟ್ಟಿರಲಿಲ್ಲ. “ಬುಡಕ್ಕೆ ಬರಾಕಿಲ್ಲ ಕಣಪ್ಪ, ಬೆಳ್ಳು ಇಡ್ಕಬುಟ್ಟವೆ” ಅನ್ನುತ್ತಿದ್ದಳು. ಅದು ನಿಜವೂ ಇರಬಹುದು.

ಏಳು ಸಾಲೂ ಸೇರಿಸಿ, ಮುಖ್ಯಸ್ಥರು ಹೇಳಿದಂತೆ ಪಟ್ಟಿಯಿಂದ ಹೆಸರನ್ನೂ ತೆಗೆದ ಮೇಲೆ ಅಜ್ಜಿಯ ಬೆರಳನ್ನು ನಾನೇ ಬಿಡಿಸಿದೆ. ಅವಳು ಮಣೆಯ ಮುಂದೆ ಹೋಗಿ ತನ್ನ ನೀಲಿ ಕೀ ಒತ್ತಿದಳು. ಬೆರಳು ಅಲ್ಲೇ ಕೂತಿತು. ಎತ್ತಲು ಅವಳು ಎಡಗೈ ತರಲೂ ಇಲ್ಲ, ಬೇಕೆಂದೇ ಹಾಗೇ ಬಿಟ್ಟು ಪುರಸಭೆಯ ಕಡೆ ನೋಡುತ್ತ ನಿಂತಳು. ಢಣ್. ಎಲ್ಲರೂ ಎರಡನೆಯದಕ್ಕೆ ಕಾದೆವು. ಬರಲಿಲ್ಲ. ನಲ್ಲಿ ಒಮ್ಮೆ ಕೆಮ್ಮಿ, ಗಾಳಿ ಉಗುಳಿ, ನೀರು ಬಿಟ್ಟಿತು. ಚಿಕ್ಕತಾಯಿ ಓಡಿಬಂದು ತನ್ನ ಕೊಡ ಇಟ್ಟಳು. ಆಮೇಲೆ ಏನನ್ನಿಸಿತೋ, ಅದನ್ನು ಎತ್ತಿ ಅಜ್ಜಿಯ ಕೊಡವನ್ನು ಇಟ್ಟಳು. “ನಿನ್ನ ಸುಳ್ಳಿ ಅಂದ್ಬುಟ್ಟೆ ಕಣಜ್ಜಿ” ಅಂದಳು. “ಅಂದ್ರೆ ಅಂದೆ ಬಿಡು, ಮೂರು ಕಿತ ಅನ್ನಲಿಲ್ವಲ್ಲ” ಅಂದಳು ಅಜ್ಜಿ.

ಮುಖ್ಯಸ್ಥರು ಮಣಿಕಟ್ಟು ತಿಕ್ಕಿಕೊಳ್ಳುತ್ತ ಹೊರಡಲು ತಿರುಗಿದ್ದರು. ಆಗ ಅವ್ವ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದಳು. ಕೈಯಲ್ಲಿ ಸೀಳುಗತ್ತಿ ಇತ್ತು, ಅದನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟಳು. ನಡೆದು ಬಂದು ಮಣೆಯ ಮುಂದೆ ನಿಂತಳು. ನಾನು ಕಂಡಂತೆ ಅವ್ವ ಅಷ್ಟು ಜನರ ನಡುವೆ ಬಂದವಳೇ ಅಲ್ಲ. ಕೆಂಪು ಕೀಯನ್ನು ತೋರಿಸಿ ನನ್ನನ್ನು ಕೇಳಿದಳು.

“ಇದು ಅಳೇವ್ನೂ ತಕ್ಕತದಾ?”

ನಂಜರಾಜಯ್ಯನವರೇ ತಿರುಗಿ, ಏನೂ ತಿಳಿಯದೆ, “ಎಷ್ಟು ಹಳೇದಮ್ಮ?” ಎಂದರು.

ತೆರೆದ ಬಾಗಿಲೊಳಗೆ ನಮ್ಮ ಗೋಡೆ ಕಾಣುತ್ತಿತ್ತು, ಈ ಸಲದ ಸುಣ್ಣದೊಳಗಿಂದಲೂ ಎದ್ದು ಬಂದ ಐದು ಬೆರಳು ಕಾಣುತ್ತಿದ್ದವು. ಅದನ್ನು ನೋಡುತ್ತಲೇ ಅವ್ವ ಕೆಂಪು ಕೀ ಒತ್ತಿದಳು. ಅವಳ ಇನ್ನೊಂದು ಕೈ ಎದ್ದಿತು, ಅರ್ಧ ದಾರಿಯವರೆಗೆ ಬಂತು. ಅವಳು ಅದನ್ನು ಕೆಳಗಿಳಿಸಿ ಸೆರಗಿನಲ್ಲಿ ಗಟ್ಟಿಯಾಗಿ ಸುತ್ತಿಕೊಂಡಳು. ವಠಾರದ ಗೇಟು ಸದ್ದು ಮಾಡಿತು. ಕೇರಿಯ ಕಮಾನು ಸದ್ದು ಮಾಡಿತು. ಪೇಟೆಯ ಚೌಕಿಯ ಹತ್ತಿರ ಯಾರೋ ಮಾತು ನಿಲ್ಲಿಸಿದರು. ಆಮೇಲೆ ಪುರಸಭೆಯ ನೆತ್ತಿಯ ಮೇಲೆ ಗಂಟೆ ಒಂದೇ ಒಂದು ಪೆಟ್ಟು ಹೊಡೆಯಿತು, ಊರಿಗೆ ಊರೇ ಕೇಳಿಸಿಕೊಂಡಿತು.